ಇಂಟರ್ನೆಟ್ ಫೋನ್ ಕೈಕೊಟ್ಟರೆ: ಕೊಡಗಿನ ಸಣ್ಣ ವ್ಯವಹಾರಗಳಿಗೆ ದೋಷ ನಿವಾರಣೆ ಕೈಪಿಡಿ

ಮಡಿಕೇರಿಯ ಕ್ಲಿನಿಕ್ ಇರಲಿ, ಸುಂಟಿಕೊಪ್ಪದ ಹಾರ್ಡ್‌ವೇರ್ ಅಂಗಡಿ ಇರಲಿ, ನಾಪೋಕ್ಲು ಕಡೆಯ ಹೋಂಸ್ಟೇ ಇರಲಿ, ಇಂಟರ್ನೆಟ್ ಫೋನಿನಲ್ಲಿ ಮಾತು ತುಂಡಾಗತೊಡಗಿದರೆ ಎಲ್ಲರೂ ಹೇಳುವುದು ಒಂದೇ: ಕಂಪನಿ ಬದಲಾಯಿಸೋಣ. ಬದಲಾಯಿಸಿಯೂ ಆಗುತ್ತದೆ, ಸ್ವಲ್ಪ ದಿನಕ್ಕೆ ಅದೇ ಗೋಳು ಮತ್ತೆ ಶುರುವಾಗುತ್ತದೆ. ದೋಷ ಇರುವುದು ಮೀಟರ್ ಬೋರ್ಡಿನ ಪಕ್ಕದ ರೂಟರಿನಲ್ಲೋ, ಕಾಟೇಜಿಗೆ ಎಳೆದ ಕೇಬಲ್ಲಿನಲ್ಲೋ, ಇನ್ವರ್ಟರಿನ ಸ್ವಿಚ್ಚಿನಲ್ಲೋ ಆದರೆ ಸೇವೆ ಬದಲಾಯಿಸಿ ಏನೂ ಸಿಗದು. ಹೊಸ ವ್ಯವಸ್ಥೆಗೆ ದುಡ್ಡು ಹಾಕುವ ಮೊದಲು ಈಗಿನ ದೋಷ ಎಲ್ಲಿದೆ ಎಂದು ಹಿಡಿಯಿರಿ. ಯಾವ ಬಗೆಯ ವ್ಯವಸ್ಥೆ ತಮಗೆ ಹೊಂದುತ್ತದೆ ಎಂಬುದೂ ಅದರಿಂದಲೇ ಗೊತ್ತಾಗುತ್ತದೆ.

ಜಾಗ ಹಿಡಿಯುವ ಪರೀಕ್ಷೆ

ನಿಮ್ಮ ಮಾತು ನಾಲ್ಕು ಕಡೆ ಹಾದು ಹೋಗುತ್ತದೆ: ಮೇಜಿನ ಮೇಲಿನ ಫೋನ್, ಕಟ್ಟಡದ ಒಳಗಿನ ನೆಟ್‌ವರ್ಕ್, ಹೊರಗಿನ ಇಂಟರ್ನೆಟ್ ಲೈನ್, ಸೇವೆ ಕೊಡುವವರ ಸರ್ವರ್. ನಾಲ್ಕನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಒಂದು ಮೊಬೈಲಿಗೆ ಸಾಫ್ಟ್‌ಫೋನ್ ಆ್ಯಪ್ (ಮೊಬೈಲನ್ನೇ ಇಂಟರ್ನೆಟ್ ಫೋನ್ ಮಾಡುವ ಆ್ಯಪ್) ಹಾಕಿ, ಬಳಕೆಯಲ್ಲಿಲ್ಲದ ಒಂದು ಒಳನಂಬರಿನ, ಅಂದರೆ ಎಕ್ಸ್‌ಟೆನ್ಶನ್ನಿನ ಹೆಸರು, ಪಾಸ್‌ವರ್ಡ್ ತುಂಬಿಸಿ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಐದು ನಿಮಿಷ ಮಾತಾಡಿ. ಸಿಗ್ನಲ್ ಚೆನ್ನಾಗಿರುವ ಜಾಗದಲ್ಲಿ ನಿಂತು ಮಾಡಿ, ಇಲ್ಲದಿದ್ದರೆ ಪರೀಕ್ಷೆಗೇ ಅರ್ಥವಿಲ್ಲ. ಮಾತು ಸ್ಪಷ್ಟವಾಗಿದ್ದರೆ ಸರ್ವರ್ ಸರಿಯಿದೆ. ಆಮೇಲೆ ರೂಟರಿನ ಪಕ್ಕದಲ್ಲೇ ನಿಂತು ಕಚೇರಿಯ ವೈಫೈಯಲ್ಲಿ ಅದೇ ಕರೆ ಮಾಡಿ. ಇಲ್ಲಿ ಕೆಟ್ಟರೆ ದೋಷ ಲೈನಿನಲ್ಲಿದೆ ಅಥವಾ ರೂಟರಿನಲ್ಲಿದೆ. ಇಲ್ಲೂ ಸರಿಯಿದ್ದು ಮೇಜಿನ ಫೋನಿನಲ್ಲಿ ಮಾತ್ರ ಕೆಟ್ಟರೆ ಕೇಬಲ್, ಸ್ವಿಚ್ (ಒಂದು ಲೈನನ್ನು ಹಲವು ಫೋನುಗಳಿಗೆ ಹಂಚುವ ಪೆಟ್ಟಿಗೆ), ಇಲ್ಲವೇ ಆ ಫೋನೇ ಕಾರಣ. ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ಫೋನನ್ನು ಅದೇ ಕೇಬಲ್ಲಿಗೆ ಹಾಕಿ ನೋಡಿ. ಎರಡು ನಿಮಿಷದಲ್ಲಿ ತೀರ್ಮಾನ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಪಿಂಗ್, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ (ಪ್ಯಾಕೆಟ್) ಕಳಿಸಿ ಉತ್ತರ ಬರುವ ಹೊತ್ತನ್ನು ಅಳೆಯುವುದು. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಸೇರಿಸಿ, 172 ಬೈಟ್ ಗಾತ್ರದಲ್ಲಿ 200 ಸಲ ಪಿಂಗ್ ಕೊಡಿ. ಹೆಡರುಗಳ (ಪ್ಯಾಕೆಟ್ಟಿನ ವಿಳಾಸಚೀಟಿಗಳ) 28 ಬೈಟ್ ಸೇರಿದರೆ ಅದು 200 ಬೈಟ್ ಆಗುತ್ತದೆ, ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ಜಿ.711 ಕೋಡೆಕ್‌ನ ಒಂದು ಧ್ವನಿ ಪ್ಯಾಕೆಟ್ಟಿನ ಅಳತೆಯೂ ಅಷ್ಟೇ. ಮೊದಲು ರೂಟರಿನ ವಿಳಾಸಕ್ಕೆ: ಒಂದೂ ಕಳೆದುಹೋಗಬಾರದು, ಒಂದೆರಡು ಮಿಲಿಸೆಕೆಂಡಿನಲ್ಲಿ ಉತ್ತರ ಬರಬೇಕು. ಆಮೇಲೆ ಫೋನ್ ಸರ್ವರಿನ ವಿಳಾಸಕ್ಕೆ: ನಷ್ಟ ಶೇ. 1ರೊಳಗೆ, ಉತ್ತರದ ಹೊತ್ತಿನ ಏರಿಳಿತ 30 ಮಿಲಿಸೆಕೆಂಡಿನೊಳಗೆ, ಹೋಗಿಬರುವ ಸಮಯ 300 ಮಿಲಿಸೆಕೆಂಡಿನೊಳಗೆ ಇರಬೇಕು. ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ದಾಟಿದರೆ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುವ ಹಾಗಾಗುತ್ತದೆ.

ವೇಗದ ಬಗ್ಗೆ ಒಂದು ಮಾತು. ಜಿ.711ರಲ್ಲಿ ಒಂದು ಕರೆಗೆ ಹೋಗುವುದಕ್ಕೆ ಸುಮಾರು 87 ಕೆಬಿಪಿಎಸ್, ಬರುವುದಕ್ಕೆ ಅಷ್ಟೇ ಬೇಕು. ಜಿ.729ರಲ್ಲಿ ಸುಮಾರು 31 ಸಾಕು. ಒಟ್ಟಿಗೆ ನಾಲ್ಕು ಕರೆ ನಡೆದರೂ ಅರ್ಧ ಎಂಬಿಪಿಎಸ್ ದಾಟುವುದಿಲ್ಲ. ಫೋನ್ ಸರಿಯಾಗಲೆಂದು 50 ಎಂಬಿ ಪ್ಲಾನನ್ನು 100ಕ್ಕೆ ಏರಿಸುವುದು ಬಹುಮಟ್ಟಿಗೆ ದಂಡದ ಖರ್ಚು. ಧ್ವನಿಗೆ ಬೇಕಾದದ್ದು ತಡೆಯಿಲ್ಲದೆ, ಒಂದೇ ಲಯದಲ್ಲಿ ಸೆಕೆಂಡಿಗೆ 50 ಪ್ಯಾಕೆಟ್ ಹೋಗುವ ದಾರಿ.

ಬೆಳಿಗ್ಗೆ ಸರಿ, ಸಂಜೆ ತುಂಡು ತುಂಡು

ನಿಮಗೆ ಅವರ ಮಾತು ಚೆನ್ನಾಗಿ ಕೇಳಿಸುತ್ತದೆ, ಅವರು ಮಾತ್ರ "ನಿಮ್ಮ ವಾಯ್ಸ್ ಕಟ್ ಆಗ್ತಾ ಇದೆ" ಎನ್ನುತ್ತಾರೆ. ರೂಮುಗಳು ತುಂಬಿದ ಶನಿವಾರ ಸಂಜೆ ಇದು ಹೆಚ್ಚು. ಕಾರಣ ಅಪ್‌ಲೋಡ್ ಕಟ್ಟಿಕೊಳ್ಳುವುದು. ಅಬ್ಬಿ ಫಾಲ್ಸ್, ದುಬಾರೆ ಸುತ್ತಿ ಬಂದ ಅತಿಥಿಗಳ ಮೊಬೈಲುಗಳು ವೈಫೈ ಸಿಕ್ಕ ಕೂಡಲೇ ಫೋಟೊ, ವಿಡಿಯೊಗಳನ್ನು ಬ್ಯಾಕಪ್ ಮಾಡತೊಡಗುತ್ತವೆ; ಕ್ಲೌಡಿಗೆ ಕಳಿಸುವ ಸಿಸಿಟಿವಿ ಕ್ಯಾಮೆರಾಗಳು ದಿನವಿಡೀ ಅದೇ ಕೆಲಸದಲ್ಲಿರುತ್ತವೆ. ರೂಟರಿನ ಸರದಿಯಲ್ಲಿ ನಿಮ್ಮ ಧ್ವನಿ ಪ್ಯಾಕೆಟ್ ಇವೆಲ್ಲದರ ಹಿಂದೆ ನಿಲ್ಲುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಒಂದು ಕಡೆ ಪಿಂಗ್ ಓಡುತ್ತಿರಲಿ, ಇನ್ನೊಂದು ಕಡೆ ದೊಡ್ಡ ಫೈಲೊಂದನ್ನು ಅಪ್‌ಲೋಡಿಗೆ ಹಾಕಿ. 20 ಮಿಲಿಸೆಕೆಂಡ್ ಇದ್ದದ್ದು 300, 400ಕ್ಕೆ ಜಿಗಿದರೆ ರೋಗ ಇದೇ. ಮದ್ದು: ರೂಟರಿನ ಕ್ಯೂಒಎಸ್ (ಯಾವ ಬಳಕೆಗೆ ಆದ್ಯತೆ ಎಂದು ಹೇಳುವ) ಆಯ್ಕೆಯಲ್ಲಿ ಅಪ್‌ಲೋಡ್ ಮಿತಿಯನ್ನು ಅಳೆದು ನೋಡಿದ ವೇಗದ ಶೇ. 85ರಿಂದ 90ಕ್ಕೆ ಇಳಿಸಿ, ಫೋನುಗಳಿಗೆ ಮೊದಲ ಸ್ಥಾನ ಕೊಡಿ. ಮಿತಿ ಇಳಿಸದೆ ಬರೀ ಮೊದಲ ಸ್ಥಾನ ಕೊಟ್ಟರೆ ಫಲ ಕಡಿಮೆ, ಸರದಿ ಬೆಳೆಯುವುದು ಆಗ ಲೈನಿನವರು ಕೊಟ್ಟ ಫೈಬರ್ ಪೆಟ್ಟಿಗೆಯಾದ ಓಎನ್‌ಟಿಯ ಒಳಗೆ, ನಿಮ್ಮ ರೂಟರಿನ ಕೈಗೆ ಸಿಗದ ಕಡೆ. ಫೋನಿನಲ್ಲಿ ಡಿಎಸ್‌ಸಿಪಿ (ಪ್ಯಾಕೆಟ್ಟಿನ ಮೇಲಿನ ಆದ್ಯತೆಯ ಗುರುತು) ಮೌಲ್ಯ 46 ಇರಲಿ. ಅತಿಥಿಗಳ ವೈಫೈ ಪ್ರತ್ಯೇಕ ಮಾಡಿ, ತಲಾ ಇಷ್ಟು ಎಂದು ಮಿತಿ ಹಾಕಿ. ಕ್ಯಾಮೆರಾಗಳನ್ನು ಸ್ಥಳದಲ್ಲೇ ಇರುವ ರೆಕಾರ್ಡರಿಗೆ ತಿರುಗಿಸಿ. ಈ ಸೌಲಭ್ಯ ಇಲ್ಲದ ರೂಟರ್ ಆಗಿದ್ದರೆ ಹೊಸ ಫೋನ್ ವ್ಯವಸ್ಥೆಗಿಂತ ಮೊದಲು ರೂಟರನ್ನೇ ಬದಲಾಯಿಸಿ.

ಒಂದು ಕಡೆ ಮಾತ್ರ ಕೇಳಿಸುವುದು, ಲೆಕ್ಕ ಹಾಕಿದ ಹಾಗೆ ಕರೆ ಕಟ್ ಆಗುವುದು

ಫೋನ್ ರಿಂಗ್ ಆಗುತ್ತದೆ, ಎತ್ತಿದರೆ ಒಬ್ಬರಿಗೆ ಪೂರ್ತಿ ಮೌನ. ಕರೆ ಹಚ್ಚುವ, ಮುಗಿಸುವ ಸಂದೇಶಗಳು ಸಿಪ್ ಎಂಬ ಒಂದು ದಾರಿಯಲ್ಲಿ, ಸಾಮಾನ್ಯವಾಗಿ 5060 ಎಂಬ ಪೋರ್ಟಿನಲ್ಲಿ (ಸಂಖ್ಯೆಯಿಂದ ಗುರುತಿಸುವ ಬಾಗಿಲು) ಹೋಗುತ್ತವೆ. ಮಾತು ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ, ಬೇರೆ ಪೋರ್ಟುಗಳಲ್ಲಿ ಹೋಗುತ್ತದೆ. ನಿಮ್ಮ ಫೋನ್ ತನ್ನ ಒಳವಿಳಾಸವನ್ನು (192.168ರಿಂದ ಶುರುವಾಗುವುದು) ಸರ್ವರಿಗೆ ಹೇಳಿಬಿಟ್ಟರೆ, ಆ ಕಡೆಯ ಧ್ವನಿ ಎಲ್ಲಿಗೆ ಬರಬೇಕೋ ತಿಳಿಯದೆ ಕಳೆದುಹೋಗುತ್ತದೆ.

ಮೊದಲು ರೂಟರಿನಲ್ಲಿ "ಸಿಪ್ ಎಎಲ್‌ಜಿ" ಎಂಬ ಆಯ್ಕೆ ಹುಡುಕಿ ಆಫ್ ಮಾಡಿ. ಸಹಾಯ ಮಾಡಲೆಂದು ಇಟ್ಟ ಆಯ್ಕೆ ಇದು, ಆದರೆ ಸಂದೇಶಗಳೊಳಗಿನ ವಿಳಾಸಗಳನ್ನು ಅರೆಬರೆ ತಿದ್ದಿ ಕೆಡಿಸುವುದೇ ಹೆಚ್ಚು. ಆಫ್ ಮಾಡಿದ ಮೇಲೆ ರೂಟರನ್ನೂ ಫೋನುಗಳನ್ನೂ ಮರುಚಾಲೂ ಮಾಡಿ. ಓಎನ್‌ಟಿಯಲ್ಲೂ ಇದೇ ಆಯ್ಕೆ ಇರುತ್ತದೆ, ಅದನ್ನು ಮರೆಯುವವರೇ ಬಹಳ.

ಎರಡನೆಯದು ಜೋಡಿ ನ್ಯಾಟ್: ಒಳವಿಳಾಸವನ್ನು ಹೊರವಿಳಾಸಕ್ಕೆ ಬದಲಾಯಿಸುವ ಕೆಲಸ (ನ್ಯಾಟ್) ಎರಡು ಸಲ ನಡೆಯುವುದು. ಲೈನಿನವರು ಕೊಟ್ಟ ಓಎನ್‌ಟಿ ತಾನೇ ರೂಟರ್ ಆಗಿ ಕೆಲಸ ಮಾಡುತ್ತಿರುತ್ತದೆ, ಅದರ ಹಿಂದೆ ನೀವು ಇನ್ನೊಂದು ರೂಟರ್ ಹಾಕಿರುತ್ತೀರಿ. ಓಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಲೈನನ್ನು ಹಾಯಿಸಿಬಿಡುವ ಮೋಡ್) ಹಾಕಿಸಿ ಲಾಗಿನ್ ನಿಮ್ಮ ರೂಟರಿನಲ್ಲಿ ಇಡಿ, ಇಲ್ಲವಾದರೆ ನಿಮ್ಮ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ಬರೀ ವೈಫೈ ಕೊಡುವ ಪೆಟ್ಟಿಗೆ) ಮಾಡಿ. ಆಮೇಲೆ ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ (ಹೊರಗಿನ ಲೈನಿನ ಕಡೆಯದು) ನೋಡಿ. 100.64ರಿಂದ 100.127ರವರೆಗಿನ ಸಂಖ್ಯೆಯಲ್ಲಿ ಶುರುವಾದರೆ ಕಂಪನಿಯ ಕಡೆಯೇ ಇನ್ನೊಂದು ನ್ಯಾಟ್ ಇದೆ. ಆಗ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ತಿರುಗಿಸುವ ಏರ್ಪಾಡು) ಮಾಡಿ ಪ್ರಯೋಜನವಿಲ್ಲ. ಕ್ಲೌಡ್ ಸೇವೆಗೆ (ಸರ್ವರ್ ಕಂಪನಿಯ ಕಡೆಯೇ ಇರುವುದು) ಇದು ದೊಡ್ಡ ಅಡ್ಡಿಯಲ್ಲ, ಆದರೆ ಕಚೇರಿಯಲ್ಲೇ ಪಿಬಿಎಕ್ಸ್ (ಕರೆಗಳನ್ನು ಒಳಫೋನುಗಳಿಗೆ ಹಂಚುವ ಯಂತ್ರ) ಇಟ್ಟು ಹೊರಗಿನಿಂದ ಎಕ್ಸ್‌ಟೆನ್ಶನ್ ಬಳಸುವ ಯೋಚನೆ ಇದ್ದರೆ ಸ್ಥಿರ ವಿಳಾಸ ಕೊಳ್ಳಬೇಕಾಗುತ್ತದೆ ಅಥವಾ ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಖಾಸಗಿ ದಾರಿ) ಹಾಕಬೇಕಾಗುತ್ತದೆ.

ಕರೆ ಎಷ್ಟು ಹೊತ್ತಿಗೆ ಕಟ್ ಆಯಿತು ಎಂಬುದು ಅಮೂಲ್ಯ ಸುಳಿವು, ಗಡಿಯಾರ ಹಿಡಿದು ಅಳೆಯಿರಿ. ಪ್ರತಿ ಸಲವೂ 32 ಸೆಕೆಂಡಿಗೆ ಕಟ್ ಆದರೆ, ಕರೆ ಎತ್ತಿದ್ದಕ್ಕೆ ಹೋಗಬೇಕಾದ "ಎಸಿಕೆ" ಎಂಬ ಒಪ್ಪಿಗೆ ಸಂದೇಶ ಗುರಿ ಮುಟ್ಟುತ್ತಿಲ್ಲ. ಕಾರಣ ಮತ್ತದೇ ಎಎಲ್‌ಜಿ ಅಥವಾ ನ್ಯಾಟ್. ಸರಿಯಾಗಿ 15 ಅಥವಾ 30 ನಿಮಿಷಕ್ಕೆ ಕಟ್ ಆದರೆ ಸೆಶನ್ ಟೈಮರ್ (ಕರೆ ಇನ್ನೂ ನಡೆಯುತ್ತಿದೆಯೇ ಎಂದು ನೋಡುವ ಗಡಿಯಾರ) ಕಾರಣ. ಅದರ ವಾಡಿಕೆಯ ಅವಧಿ 1800 ಸೆಕೆಂಡ್, ಅರ್ಧದಲ್ಲಿ ನವೀಕರಣದ ಸಂದೇಶ ಹೋಗುತ್ತದೆ, ಅದಕ್ಕೆ ಉತ್ತರ ಬರದಿದ್ದರೆ ಕರೆ ಬೀಳುತ್ತದೆ. ಇದನ್ನು ಸೇವೆಯವರೊಂದಿಗೆ ಮಾತಾಡಿ ಹೊಂದಿಸಬೇಕು. ಯಾವ ಲೆಕ್ಕಕ್ಕೂ ಸಿಗದೆ ಕಟ್ ಆಗುತ್ತಿದ್ದರೆ ಲೈನ್ ನೋಡಿ, ಕರೆಂಟ್ ನೋಡಿ.

ಹೊರಗೆ ಹೋಗುವ ಕರೆ ಸರಿ, ಒಳಬರುವುದು ಮಾತ್ರ ರಿಂಗ್ ಆಗುವುದಿಲ್ಲ ಎಂಬುದು ಇದರ ತಮ್ಮ. ಫೋನನ್ನು ಆಫ್ ಮಾಡಿ ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಒಳಬರುವ ಕರೆ ಬಂದು ಆಮೇಲೆ ನಿಂತರೆ, ಸುಮ್ಮನಿರುವ ಸಂಪರ್ಕವನ್ನು ರೂಟರ್ ಮುಚ್ಚುತ್ತಿದೆ. ಫೋನಿನಲ್ಲಿ ಕೀಪ್-ಅಲೈವ್ (ಸಂಪರ್ಕ ಮುಚ್ಚದ ಹಾಗೆ ಕಳಿಸುವ ಸಣ್ಣ ಸಂದೇಶ) 25 ಸೆಕೆಂಡಿಗೆ ಇಡಿ, ರಿಜಿಸ್ಟ್ರೇಶನ್ (ಸರ್ವರಿನಲ್ಲಿ ಫೋನಿನ ಹೆಸರು ದಾಖಲಿಸುವುದು) ಅವಧಿಯನ್ನು 3600 ಸೆಕೆಂಡಿನಿಂದ 300ಕ್ಕೆ ಇಳಿಸಿ. ಅತಿಥಿಗಳ ಬುಕಿಂಗ್ ಕರೆಗಳು ಗೊತ್ತೇ ಆಗದೆ ಕೈತಪ್ಪುವುದು ಹೀಗೆಯೇ. ನಷ್ಟ ಕಣ್ಣಿಗೆ ಕಾಣದು, ಹಾಗಾಗಿ ವಾರಕ್ಕೊಮ್ಮೆ ಬೇರೆ ಮೊಬೈಲಿನಿಂದ ನಿಮ್ಮದೇ ನಂಬರಿಗೆ ಕರೆ ಮಾಡಿ ನೋಡುವುದು ಒಳ್ಳೆಯದು.

ಕರೆಂಟ್ ಹೋಗಿ ಬಂದಾಗ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬೀಳುವುದು, ಕರೆಂಟ್ ದಿನಗಟ್ಟಲೆ ಬಾರದಿರುವುದು ಇಲ್ಲಿ ಹೊಸದಲ್ಲ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಇಂಟರ್ನೆಟ್ ಫೋನಿಗೆ ಓಎನ್‌ಟಿ, ರೂಟರ್, ಸ್ವಿಚ್, ಫೋನ್ ನಾಲ್ಕಕ್ಕೂ ನೀವೇ ವಿದ್ಯುತ್ ಕೊಡಬೇಕು.

ಲೆಕ್ಕ ಹಾಕಿ. ಈ ನಾಲ್ಕೂ ಸೇರಿ, ಮೂರು ಫೋನುಗಳಿದ್ದರೆ, ಸುಮಾರು 40 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ. ಅರ್ಧ ಮಾತ್ರ ಬಳಸಿ, ಇನ್ವರ್ಟರಿನಲ್ಲಿ ಹೋಗುವುದನ್ನು ಕಳೆದರೆ 720 ಉಳಿಯುತ್ತದೆ, 18 ಗಂಟೆ ನಡೆಯುತ್ತದೆ. ಅದೇ ಬ್ಯಾಟರಿಗೆ 300 ವ್ಯಾಟಿನ ದೀಪ, ಫ್ಯಾನ್ ಜೋಡಿಸಿದರೆ ಎರಡು ಗಂಟೆಯ ಮೇಲೆ ಸ್ವಲ್ಪ ಅಷ್ಟೇ. ಫೋನಿನ ಸಾಮಾನಿಗೆ ಬೇರೆ ಬ್ಯಾಟರಿ ಇಡುವುದು ಖರ್ಚಿಗೆ ತಕ್ಕ ಕೆಲಸ.

ಕರೆಂಟ್ ಹೋದ ಕ್ಷಣದಲ್ಲೇ ಕರೆ ಕಟ್ ಆಗಿ, ಎರಡು ಮೂರು ನಿಮಿಷದ ಮೇಲೆ ಫೋನ್ ಮರಳಿದರೆ, ಇನ್ವರ್ಟರ್ ಬದಲಾಗುವ ಹೊತ್ತಿನಲ್ಲಿ ರೂಟರ್ ಮರುಚಾಲೂ ಆಗುತ್ತಿದೆ. ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದರೆ ಬದಲಾವಣೆ ವೇಗವಾಗುತ್ತದೆ. ಆದರೆ ಎಸ್ಟೇಟಿನ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ 160, 170ಕ್ಕೆ ಇಳಿದಾಗ ಯುಪಿಎಸ್ ಮೋಡ್ ಅದನ್ನು ಕರೆಂಟೇ ಇಲ್ಲವೆಂದು ಬಗೆದು ಬ್ಯಾಟರಿಗೆ ಹೋಗುತ್ತದೆ. ಬ್ಯಾಟರಿ ಚಾರ್ಜ್ ಆಗದೆ ಬರಿದಾಗುತ್ತದೆ. ಅಂಥ ಕಡೆ ಇನ್ವರ್ಟರನ್ನು ಸಾಮಾನ್ಯ ಮೋಡಿನಲ್ಲೇ ಬಿಟ್ಟು, ಓಎನ್‌ಟಿಗೂ ರೂಟರಿಗೂ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮುಂಚೆ ಎರಡೂ ಅಡಾಪ್ಟರುಗಳ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಕೊಳ್ಳಿ. 2 ಆಂಪಿಯರ್ ಬೇಡುವ ರೂಟರಿಗೆ 1 ಆಂಪಿಯರಿನ ಯುಪಿಎಸ್ ಕೊಟ್ಟರೆ ವೈಫೈ ಬಳಕೆ ಏರಿದಾಗಲೆಲ್ಲ ಅದು ಆರಿ ಹತ್ತುತ್ತದೆ.

ಕರೆಂಟ್ ಬಂದರೂ ಫೋನ್ ಬಾರದಿದ್ದರೆ ಅದರ ತೆರೆಯಲ್ಲಿ ವಿಳಾಸ ನೋಡಿ. 169.254ರಿಂದ ಶುರುವಾದರೆ ರೂಟರ್ ಏಳುವ ಮೊದಲೇ ಫೋನ್ ಎದ್ದಿದೆ. ಓಎನ್‌ಟಿ, ಆಮೇಲೆ ರೂಟರ್, ಸ್ವಿಚ್, ಕೊನೆಗೆ ಫೋನ್, ಈ ಸರದಿಯಲ್ಲಿ ಹಾಕಿ. ವಿಳಾಸ ಸರಿಯಿದ್ದು ತಾರೀಖು ತಪ್ಪಾಗಿದ್ದರೆ ಅದೂ ಕಾರಣವಾಗಬಹುದು: ಟಿಎಲ್‌ಎಸ್ (ಸಂದೇಶಗಳನ್ನು ಗುಪ್ತವಾಗಿ ಕಳಿಸುವ ವಿಧಾನ) ಬಳಸುವ ಫೋನ್, ತನ್ನ ಗಡಿಯಾರ ಹಿಂದಿದ್ದರೆ ಸರ್ವರಿನ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಎನ್‌ಟಿಪಿ (ಸರಿಯಾದ ಸಮಯ ಕೊಡುವ) ಸರ್ವರಿನ ವಿಳಾಸ ತುಂಬಿಸಿ.

ಸಿಡಿಲು, ತೇವ, ಇರುವೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ರಿಸೆಪ್ಶನ್ನಿನಿಂದ ಕಾಟೇಜಿಗೆ ಎಳೆದ ತಾಮ್ರದ ಕೇಬಲ್ ಅಪಾಯಕಾರಿ. ಸಿಡಿಲು ನೇರ ಹೊಡೆಯಬೇಕೆಂದಿಲ್ಲ. ಹತ್ತಿರ ಬಿದ್ದರೂ ಎರಡು ಕಟ್ಟಡಗಳ ಅರ್ತಿಂಗ್ ನಡುವೆ ಏರುವ ವೋಲ್ಟೇಜ್ ಈ ಕೇಬಲ್ಲಿನಲ್ಲಿ ಹರಿದು ಸ್ವಿಚ್ಚಿನ ಪೋರ್ಟುಗಳನ್ನು ಸುಡುತ್ತದೆ. ಗುರುತು: ಫೋನು ಅಡಾಪ್ಟರಿನಲ್ಲಿ ಏಳುತ್ತದೆ, ಪಿಒಇ (ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ) ಪೋರ್ಟಿನಲ್ಲಿ ಏಳುವುದಿಲ್ಲ, ಅಥವಾ ಎಂಟರಲ್ಲಿ ಎರಡು ಪೋರ್ಟ್ ಮಾತ್ರ ಸತ್ತಿರುತ್ತವೆ. ಸ್ವಿಚ್ ಬದಲಾಯಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ. ಕಟ್ಟಡಗಳ ನಡುವೆ ಲೋಹದ ತಂತಿಯೇ ಇಲ್ಲದ ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಲೈನಿಗೆ ಬದಲಾಯಿಸುವ ಪೆಟ್ಟಿಗೆ) ಹಾಕಿ. ತಾಮ್ರದ ಕೇಬಲ್ಲಿನ ಮಿತಿ ಹೇಗೂ 100 ಮೀಟರ್. ದೂರದ ಕಾಟೇಜಿಗೆ ಅದು ಸಾಲುವುದೂ ಇಲ್ಲ.

ಮಳೆಗಾಲದ ತೇವದ ಕೆಲಸ ನಿಧಾನ. ಗೋಡೆಯ ಸಾಕೆಟ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ: ಎಂಟು ಸಣ್ಣ ಚಿನ್ನದ ಬಣ್ಣದ ಕಡ್ಡಿಗಳಲ್ಲಿ ಒಂದೆರಡರ ಮೇಲೆ ಹಸಿರು ಕಿಲುಬು, ಮೂಲೆಯಲ್ಲಿ ಇರುವೆ ತಂದಿಟ್ಟ ಮಣ್ಣು, ಬಿಳಿ ಮೊಟ್ಟೆಗಳು. ಒಂದು ಜೋಡಿ ತಂತಿ ಕೆಟ್ಟರೂ ಗಿಗಾಬಿಟ್ ಲಿಂಕ್ 100 ಎಂಬಿಪಿಎಸ್‌ಗೆ ಬೀಳಬಹುದು. ಸ್ವಿಚ್ಚಿನ ದೀಪದ ಬಣ್ಣ ಬದಲಾಗುವುದರಿಂದ ಹಿಡಿಯಬಹುದು. ಕಿಲುಬು ಉಜ್ಜಿ ಕೂರಬೇಡಿ, ಸಾಕೆಟ್ಟನ್ನೂ ಕೇಬಲ್ ತುದಿಯ ಪ್ಲಗ್ಗನ್ನೂ ಬದಲಾಯಿಸಿ. ಹೊರಗೋಡೆಯಿಂದ ಕೇಬಲ್ ಒಳಬರುವ ಕಡೆ ಅದನ್ನು ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿ ತೂತಿಗೆ ಸೇರಿಸಿದರೆ ನೀರು ತೊಟ್ಟಿಕ್ಕಿ ಹೊರಗೇ ಬೀಳುತ್ತದೆ.

ಫೈಬರ್ ಲೈನಿಗೆ ಓಎನ್‌ಟಿಯ ಪುಟದಲ್ಲಿ ಬೆಳಕಿನ ಮಟ್ಟ ಕಾಣಿಸುತ್ತದೆ. ಸಾಮಾನ್ಯ ಜಿಪಾನ್ (ಮನೆಗಳಿಗೆ ಬರುವ ಫೈಬರ್ ಜಾಲದ ಒಂದು ಬಗೆ) ಓಎನ್‌ಟಿಗೆ ಕೆಳಮಿತಿ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ). ಒಣ ದಿನದ ಅಂಕಿ ಬರೆದಿಡಿ, ಜೋರು ಮಳೆಯ ದಿನ ಮತ್ತೆ ನೋಡಿ. ಮೈನಸ್ 21 ಇದ್ದದ್ದು 26ಕ್ಕೆ ಇಳಿದರೆ ದಾರಿಯ ಯಾವುದೋ ಜಾಯಿಂಟ್ ಬಾಕ್ಸಿಗೆ ನೀರು ಸೇರಿದೆ ಅಥವಾ ಕೊಂಬೆ ಒರಗಿ ಕೇಬಲ್ ಬಾಗಿದೆ. ಈ ಎರಡು ಅಂಕಿ ಹಿಡಿದು ದೂರು ಕೊಟ್ಟರೆ ಲೈನ್‌ಮನ್‌ಗೆ ಎಲ್ಲಿಂದ ಹುಡುಕಬೇಕೆಂದು ತಿಳಿಯುತ್ತದೆ. ಓಎನ್‌ಟಿಗೆ ಬರುವ ಹಸಿರು ಕನೆಕ್ಟರಿನ ಜಾಗಕ್ಕೆ ನೀಲಿ ಕನೆಕ್ಟರಿನ ತುಂಡು ಹಾಕಿದ್ದರೆ ಅದನ್ನೂ ತೆಗೆಸಿ. ಎರಡರ ತುದಿಯ ಕೋನ ಬೇರೆ, ಬೆಳಕು ಸೋರುತ್ತದೆ.

ಹಳೇ ಲ್ಯಾಂಡ್‌ಲೈನ್ ಸೇರಿಸಿದ ಕಡೆ

08272, 08274, 08276ರ ಹಳೇ ನಂಬರ್ ಉಳಿಸಿಕೊಳ್ಳಲು ಎಫ್‌ಎಕ್ಸ್‌ಓ ಗೇಟ್‌ವೇ (ಲ್ಯಾಂಡ್‌ಲೈನನ್ನು ಇಂಟರ್ನೆಟ್ ಫೋನಿಗೆ ಸೇರಿಸುವ ಪೆಟ್ಟಿಗೆ) ಹಾಕಿದವರಿಗೆ ಒಂದು ವಿಶೇಷ ತೊಂದರೆ: ಆ ಕಡೆಯವರು ಇಟ್ಟ ಮೇಲೂ ಲೈನ್ ಬ್ಯುಸಿಯಾಗಿಯೇ ಉಳಿಯುತ್ತದೆ. ಗೇಟ್‌ವೇ ಬೇರೆ ದೇಶದ ಟೋನಿಗೆ ಕಾಯುತ್ತಿರುತ್ತದೆ. ಭಾರತದ ಬ್ಯುಸಿ ಟೋನ್ 400 ಹರ್ಟ್ಸ್, 0.75 ಸೆಕೆಂಡ್ ಇದ್ದು 0.75 ಸೆಕೆಂಡ್ ಇಲ್ಲ, ಅದನ್ನು ತುಂಬಿಸಿ. ನಿಮ್ಮ ಮಾತೇ ನಿಮಗೆ ಮರಳಿ ಕೇಳಿಸಿದರೆ ಗೇಟ್‌ವೇಯ ಗೇನ್ (ಧ್ವನಿಯ ಮಟ್ಟ) ಇಳಿಸಿ, ಇಂಪಿಡೆನ್ಸ್ (ಲೈನಿಗೆ ಹೊಂದಿಸುವ ತಡೆ) ಆಯ್ಕೆ ಬದಲಾಯಿಸುತ್ತ ನೋಡಿ.

ಉಳಿದ ಕೆಲವು

ಬ್ಯಾಂಕಿನ "1 ಒತ್ತಿ, 2 ಒತ್ತಿ" ಕೆಲಸ ಮಾಡದಿದ್ದರೆ ಡಿಟಿಎಂಎಫ್ (ಒತ್ತಿದ ಅಂಕಿ ಕಳಿಸುವ) ವಿಧಾನವನ್ನು ಆರ್‌ಎಫ್‌ಸಿ 2833ಕ್ಕೆ ಇಡಿ. ತೆರೆಯಲ್ಲಿ 403 ಬಂದರೆ ಪಾಸ್‌ವರ್ಡ್ ಇಲ್ಲವೇ ಖಾತೆ, 408 ಬಂದರೆ ಸರ್ವರ್ ಮುಟ್ಟುತ್ತಿಲ್ಲ, 488 ಬಂದರೆ ಕೋಡೆಕ್ ಹೊಂದಿಲ್ಲ. ಲಾಗ್‌ನಲ್ಲಿ ಮೊದಲ 401 ಕಂಡು ಗಾಬರಿ ಬೇಡ, ಪಾಸ್‌ವರ್ಡ್ ಕೇಳುವ ಕ್ರಮವೇ ಅದು.

ನಡುರಾತ್ರಿ 100, 1001 ಎಂಬ ನಂಬರುಗಳಿಂದ ರಿಂಗ್ ಆಗಿ, ಎತ್ತಿದರೆ ಯಾರೂ ಇಲ್ಲದಿದ್ದರೆ ಇಂಟರ್ನೆಟ್ಟಿನಲ್ಲಿ ತೆರೆದ ಫೋನುಗಳನ್ನು ಹುಡುಕುವ ಯಂತ್ರಗಳು ನಿಮ್ಮನ್ನು ಮುಟ್ಟಿವೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಾಸ್‌ವರ್ಡ್ ಸಡಿಲವಿದ್ದರೆ ನಿಮ್ಮ ಲೆಕ್ಕದಲ್ಲಿ ವಿದೇಶದ ಕರೆಗಳು ಹೋಗುತ್ತವೆ. 5060 ಪೋರ್ಟ್ ಫಾರ್ವರ್ಡ್ ತೆಗೆಯಿರಿ, ಸೇವೆಯ ಸರ್ವರಿನಿಂದ ಬಂದದ್ದನ್ನು ಮಾತ್ರ ಒಪ್ಪುವಂತೆ ಫೋನಿಗೆ ಹೇಳಿ, ಐಎಸ್‌ಡಿ ಬೇಡವಾದರೆ ಮುಚ್ಚಿಸಿ.

ದೋಷ ಸಿಕ್ಕ ಮೇಲೆ ಕೊಳ್ಳುವ ತೀರ್ಮಾನ

ಇಂಟರ್ನೆಟ್ ಲೈನೇ ಪದೇ ಪದೇ ಬೀಳುವ ಕಡೆ, ಹತ್ತು ಹನ್ನೆರಡು ಕಾಟೇಜುಗಳಿದ್ದರೆ, ಪೂರ್ತಿ ಕ್ಲೌಡ್ ವ್ಯವಸ್ಥೆ ತೆಗೆದುಕೊಳ್ಳಬೇಡಿ. ಲೈನ್ ಹೋದರೆ ಕಾಟೇಜಿನಿಂದ ಅಡುಗೆಮನೆಗೆ ಮಾಡುವ ಕರೆಯೂ ನಿಲ್ಲುತ್ತದೆ. ಸ್ಥಳದಲ್ಲೇ ಸಣ್ಣ ಐಪಿ ಪಿಬಿಎಕ್ಸ್ ಇದ್ದರೆ ಒಳಗಿನ ಕರೆಗಳು ನಡೆಯುತ್ತಲೇ ಇರುತ್ತವೆ. ಎರಡು ಮೂರು ಫೋನುಗಳ ಕ್ಲಿನಿಕ್ಕಿಗೆ, ಅಂಗಡಿಗೆ ಕ್ಲೌಡೇ ಮೇಲು: ಲೈನ್ ಬಿದ್ದಾಗ ಸರ್ವರ್ ತಾನೇ ಮೊಬೈಲಿಗೆ ಕರೆ ತಿರುಗಿಸುತ್ತದೆ, ನೋಡಿಕೊಳ್ಳಬೇಕಾದ ಪೆಟ್ಟಿಗೆ ಒಂದು ಕಡಿಮೆ.

4ಜಿ ಬ್ಯಾಕಪ್ ರೂಟರ್ ಇಡುವವರು ಸಿಪ್ ಟ್ರಂಕ್ (ನಿಮ್ಮ ವ್ಯವಸ್ಥೆಯನ್ನು ಫೋನ್ ಕಂಪನಿಗೆ ಸೇರಿಸುವ ಇಂಟರ್ನೆಟ್ ಸಂಪರ್ಕ) ಯಾವ ಬಗೆಯದು ಎಂದು ಕೇಳಿ. ಕೆಲವು ಟ್ರಂಕುಗಳು ಸ್ಥಿರ ವಿಳಾಸ ನೋಡಿ ಅಥವಾ ಅದೇ ಕಂಪನಿಯ ಲೈನಿನಲ್ಲಿ ಮಾತ್ರ ಒಪ್ಪುತ್ತವೆ. ಬ್ಯಾಕಪ್ಪಿಗೆ ಬದಲಾದ ಕೂಡಲೇ ಅವು ಸತ್ತ ಹಾಗೆ. ಹೆಸರು, ಪಾಸ್‌ವರ್ಡ್ ಕೊಟ್ಟು ರಿಜಿಸ್ಟರ್ ಆಗುವ ಟ್ರಂಕ್ ಬೇಕು. ಹಾಗಿದ್ದರೂ ನಡೆಯುತ್ತಿದ್ದ ಕರೆ ಕಟ್ ಆಗಿಯೇ ಆಗುತ್ತದೆ. ದೀರ್ಘ ಕರೆಂಟ್ ಕಡಿತದಲ್ಲಿ ಮೊಬೈಲ್ ಟವರುಗಳೂ ಆರುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ, ಬ್ಯಾಕಪ್ ಸಿಮ್ ಬೇರೆ ಕಂಪನಿಯದಿರಲಿ. 112ಕ್ಕೆ ಕರೆ ಮಾಡಲು ಇಂಟರ್ನೆಟ್ ಫೋನೊಂದನ್ನೇ ನಂಬಬೇಡಿ.

ಮಾರುವವರ ಹತ್ತಿರ ದೂರಸಂಪರ್ಕ ಇಲಾಖೆಯ ಪರವಾನಗಿ ಇದೆಯೇ, ಇಲ್ಲವೇ ಪರವಾನಗಿ ಇದ್ದವರ ಟ್ರಂಕನ್ನು ಕೊಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ಸಿಮ್ ಬಾಕ್ಸ್ (ಹಲವು ಸಿಮ್ ತುಂಬಿದ ಪೆಟ್ಟಿಗೆ) ಮೂಲಕ ಕರೆ ತಿರುಗಿಸಿ ಅಗ್ಗಕ್ಕೆ ಕೊಡುವುದು ಕಾನೂನುಬಾಹಿರ; ಒಂದು ದಿನ ನಂಬರೇ ಬಂದ್ ಆದರೆ ಕೇಳುವವರಿಲ್ಲ. ಲ್ಯಾಂಡ್‌ಲೈನ್ ನಂಬರ್ ಮೊಬೈಲ್ ನಂಬರಿನ ಹಾಗೆ ಸುಲಭವಾಗಿ ಜೊತೆಗೆ ಬರುವುದಿಲ್ಲ, ಅದರ ಬಗ್ಗೆಯೂ ಬರಹದಲ್ಲೇ ಉತ್ತರ ಪಡೆಯಿರಿ.

ಡೆಮೊ ಕೊಡಲು ಅವರು ತಮ್ಮ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಫೋನ್ ಹಚ್ಚಿ ತೋರಿಸಿದರೆ ಒಪ್ಪಬೇಡಿ. ನಿಮ್ಮ ಲೈನಿನಲ್ಲಿ, ನಿಮ್ಮ ರೂಟರಿನ ಹಿಂದೆ, ರೂಮು ತುಂಬಿದ ಒಂದು ವಾರಾಂತ್ಯ ಪೂರ್ತಿ ಎರಡು ಎಕ್ಸ್‌ಟೆನ್ಶನ್ ಓಡಲಿ. ನಡುವೆ ಒಮ್ಮೆ ನೀವೇ ಮೇನ್ ಸ್ವಿಚ್ ಆರಿಸಿ, ಕರೆ ಏನಾಗುತ್ತದೆ, ಮತ್ತೆ ರಿಂಗ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರ ಎದುರಿಗೇ ನೋಡಿ, ಆಮೇಲೆ ಮುಂಗಡದ ಮಾತಾಡಿ.